ಯಾರ ಸಾಲಿನಲ್ಲಿ ನಿಲ್ಲಿಸೋದು?

(ನಿವೃತ್ತ ಗಣಿತದ ಮೇಷ್ಟ್ರ ಮನೆಯ ಜಗಲಿ, ಭಾನುವಾರ ಮಧ್ಯಾಹ್ನ. ಊರಿಗೆ ಬಂದಿರುವ ಹಳೆಯ ಶಿಷ್ಯೆ ಈಗ ಬೆಂಗಳೂರಿನಲ್ಲಿ ಮನಶ್ಶಾಸ್ತ್ರಜ್ಞೆ.)

ಮೇಷ್ಟ್ರು: ಬಾಮ್ಮ, ಕೂತ್ಕೋ. ಕಾಫಿ ಬರುತ್ತೆ, ಅಷ್ಟರಲ್ಲಿ ಈ ಕಾಗದ ಒಂದು ನೋಡಿಬಿಡು. ಹಿಂದಿನ ಬೀದಿಯಿಂದ ಹಾಲು ತಂದು ಹಾಕ್ತಾಳಲ್ಲ, ಅವಳ ಮಗನದು. ಗಾಂಜಾ ಬಿಡಿಸೋಕೆ ಅಂತ ಸೇರಿಸಿದ್ರು, ಮೊನ್ನೆ ಮನೆಗೆ ಬಂದ. ಅಲ್ಲಿ ಬುದ್ಧಿ ಪರೀಕ್ಷೆ ಮಾಡಿ ಇದನ್ನ ಕೊಟ್ಟಿದಾರೆ. ಮೂರು ಕಡೆ ಹದಿನೈದಕ್ಕಿಂತ ಕೆಳಗೆ ಅಂತಿದೆ. ಪಾಸಾಗೋಕೇ ಮೂವತ್ತೈದು ಬೇಕಲ್ಲ ಮೇಷ್ಟ್ರೇ, ಇವನ ತಲೆ ಹೋಗೇಬಿಡ್ತಾ ಅಂತ ಅವಳು ಇಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು.

ಶಿಷ್ಯೆ: ನನಗೆ ತೋರಿಸ್ತಿರೋದು ಅವನಿಗೆ ಗೊತ್ತಾ ಸಾರ್?

ಮೇಷ್ಟ್ರು: ಅವನೇ ಕೊಟ್ಟು ಕಳಿಸಿದ್ದು.

ಶಿಷ್ಯೆ: ಹಾಗಾದ್ರೆ ಸರಿ. ಇದು ಪರ್ಸೆಂಟ್ ಅಲ್ಲ ಸಾರ್, ಪರ್ಸೆಂಟೈಲ್. ನೂರಕ್ಕೆ ಹದಿನೈದು ಅಂಕ ಅಂತಲ್ಲ. ಅವನಂಥ ನೂರು ಜನರನ್ನ ಸಾಲಾಗಿ ನಿಲ್ಲಿಸಿದ್ರೆ ಕೊನೆಯ ಹದಿನೈದು ಜನರಲ್ಲಿ ಇವನೊಬ್ಬ ಅಂತ. ನಿಮ್ಹಾನ್ಸ್‌ನವರ ಪರೀಕ್ಷಾ ಸರಣಿಯಲ್ಲಿ ಆ ಗೆರೆಗಿಂತ ಕೆಳಗಿದ್ರೆ ‘ಕೊರತೆ’ ಅಂತ ಬರೀತೀವಿ.

ಮೇಷ್ಟ್ರು: ಅಷ್ಟು ನನಗೂ ಗೊತ್ತಮ್ಮ, ಅವಳಿಗೂ ಹೇಳಿದೆ. ನನಗೆ ಸಿಕ್ಕಿಕೊಂಡಿರೋದು ಬೇರೆ. ಅವನಂಥ ನೂರು ಜನ ಅಂದ್ಯಲ್ಲ, ಅವನಂಥ ಅಂದ್ರೆ ಯಾರು? ನಮ್ಮ ಹಾಲಿನವಳ ಮಗನಂಥವರನ್ನ ನೂರು ಜನ ಎಲ್ಲಿಂದ ತಂದು ನಿಲ್ಲಿಸಿದ್ರು?

ಶಿಷ್ಯೆ: ಎಲ್ಲಾ ಬಿಟ್ಟು ಅಲ್ಲಿಗೇ ಬಂದ್ರಿ. 2004ರಲ್ಲಿ ನಿಮ್ಹಾನ್ಸ್‌ನವರು ಆ ಸರಣಿ ಹೊರತಂದಾಗ ಆರೋಗ್ಯವಂತರನ್ನ ಪರೀಕ್ಷೆ ಮಾಡಿ, ಯಾರಿಗೆ ಎಷ್ಟು ಬಂದ್ರೆ ಸಹಜ ಅಂತ ಪಟ್ಟಿ ಮಾಡಿದ್ರು. ಒಂದೇ ಪಟ್ಟಿ ಅಲ್ಲ. ವಯಸ್ಸಿನಲ್ಲಿ ಮೂರು ಗುಂಪು, 16ರಿಂದ 30, 31ರಿಂದ 50, 51ರಿಂದ 65. ಗಂಡು, ಹೆಣ್ಣು ಬೇರೆ. ಓದಿನಲ್ಲಿ ಮತ್ತೆ ಮೂರು: ಅಕ್ಷರ ಬಾರದವರು, ಶಾಲೆ ಕಂಡವರು, ಕಾಲೇಜು ಕಂಡವರು.

ಮೇಷ್ಟ್ರು: ಮೂರು ಮೂರಲ ಒಂಬತ್ತು, ಒಂಬತ್ತೆರಡಲ ಹದಿನೆಂಟು. ಹದಿನೆಂಟು ಸಾಲು. ಇವನು ಶಾಲೆ ಕಂಡ ಗಂಡು ಹುಡುಗರ ಸಾಲಿನಲ್ಲಿ ನಿಂತ. ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟು ಗ್ಯಾರೇಜು ಸೇರಿದವನು.

ಶಿಷ್ಯೆ: ನಾಲ್ಕನೇ ಕ್ಲಾಸಿಗೆ ಬಿಟ್ಟವನೂ ಹತ್ತು ಮುಗಿಸಿದವನೂ ಅದೇ ಸಾಲು. ಬರೆದಿರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಹದಿನೆಂಟು ಸಾಲು ಮಾಡಿದ್ದೇ ದೊಡ್ಡದು. ಎಷ್ಟೋ ಕಡೆ ಬೇರೆ ದೇಶದ ಪಟ್ಟಿ ಇಟ್ಕೊಂಡು ನಮ್ಮವರನ್ನ ಅಳೀತಾ ಇದ್ರು.

ಮೇಷ್ಟ್ರು: ಅಲ್ಲಮ್ಮ, ನೆನಪಿನ ಶಕ್ತಿಗೂ ಶಾಲೆಗೂ ಏನು ಸಂಬಂಧ? ನಮ್ಮಜ್ಜಿಗೆ ಸಹಿ ಹಾಕೋಕೆ ಬರ್ತಿರಲಿಲ್ಲ, ಊರಿನ ಮೂರು ತಲೆಮಾರಿನ ಸಂಬಂಧ ಬಾಯಲ್ಲಿತ್ತು.

ಶಿಷ್ಯೆ: ಅವರ ನೆನಪು ಸಂಬಂಧಕ್ಕೆ ಅಂಟಿಕೊಂಡು ಇತ್ತು. ನಾವು ಕೇಳೋದು ಯಾವುದಕ್ಕೂ ಅಂಟದ ನೆನಪು. ಒಂದಕ್ಕೊಂದು ಕೂಡದ ಹದಿನೈದು ಪದ ಓದ್ತೀವಿ, ಒಪ್ಪಿಸಿ ಅಂತೀವಿ. ಹೀಗೆ ಐದು ಸಲ. ಆಮೇಲೆ ಇನ್ನೊಂದು ಪಟ್ಟಿ ಓದಿ ಗೊಂದಲ ಹುಟ್ಟಿಸಿ, ಮೊದಲನೆಯದು ಹೇಳಿ ಅಂತೀವಿ. ಕಾರಣವೇ ಇಲ್ಲದೆ ಒಪ್ಪಿಸೋ ಅಭ್ಯಾಸ ಮನುಷ್ಯನಿಗೆ ಎಲ್ಲಿ ಆಗುತ್ತೆ ಹೇಳಿ?

ಮೇಷ್ಟ್ರು: ನನ್ನ ಕ್ಲಾಸಲ್ಲಿ. ಮಗ್ಗಿ.

ಶಿಷ್ಯೆ: ಇನ್ನೊಂದರಲ್ಲಿ ಒಂದು ಅಕ್ಷರ ಕೊಟ್ಟು ಒಂದು ನಿಮಿಷದಲ್ಲಿ ಅದರಿಂದ ಶುರುವಾಗೋ ಪದ ಎಷ್ಟಾಗುತ್ತೋ ಅಷ್ಟು ಹೇಳಿ ಅಂತೀವಿ. ಇಂಗ್ಲಿಷ್‌ನವರಿಗೆ ಎಫ್, ಎ, ಎಸ್. ನಮ್ಮಲ್ಲಿ ಕ, ಪ, ಮ. ನೀವು ಹೇಳಿ ನೋಡೋಣ, ಕ.

ಮೇಷ್ಟ್ರು: ಕಮಲ, ಕತ್ತೆ, ಕಳಶ, ಕಡಲೆ, ಕರು... ಕಾಗೆ ಬರುತ್ತೋ?

ಶಿಷ್ಯೆ: ಅದೇ ನೋಡಿ! ಕ ಬೇರೆಯೋ ಕಾ ಬೇರೆಯೋ ಅನ್ನೋ ಅನುಮಾನ ನಿಮಗೆ ಬಂತಲ್ಲ, ಅದು ಕಾಗುಣಿತ ತಿದ್ದಿದವರಿಗೆ ಮಾತ್ರ ಬರೋ ಅನುಮಾನ. ಓದು ಬಾರದವರು ಪದವನ್ನ ಅರ್ಥದಿಂದ ಹುಡುಕ್ತಾರೆ. ಕಮಲ ಅಂದ ತಕ್ಷಣ ಅವರ ಮನಸ್ಸು ಕೆರೆ ಕಡೆ ಹೋಗುತ್ತೆ, ಕತ್ತೆ ಕಡೆ ಅಲ್ಲ. ಅದಕ್ಕೇ ಅವರಿಗೆ ಪ್ರಾಣಿಗಳ ಹೆಸರು ಹೇಳಿ ಅಂತ ಕೇಳ್ತೀವಿ. ಆಗ ಕುರಿ ಕಾಯೋವನು ನನಗಿಂತ ಮುಂದೆ. ಮತ್ತೊಂದರಲ್ಲಿ ಒಂದರಿಂದ ಒಂಬತ್ತರವರೆಗೆ ಒಂದೊಂದು ಅಂಕಿಗೆ ಒಂದೊಂದು ಗುರುತು ಇರುತ್ತೆ. ಅಂಕಿ ನೋಡ್ತಾ ಅದರ ಕೆಳಗೆ ಗುರುತು ಬರೀತಾ ಹೋಗಬೇಕು, ಗಡಿಯಾರ ಓಡ್ತಿರುತ್ತೆ. ಹತ್ತು ವರ್ಷದಿಂದ ಪೆನ್ನು ಹಿಡಿಯದೆ ಸ್ಪ್ಯಾನರ್ ಹಿಡಿದವನ ಕೈ ಅದು. ನಿಧಾನವಾಗಿದ್ದು ಮೆದುಳೋ, ಬೆರಳೋ?

ಮೇಷ್ಟ್ರು: ಅಂದ್ರೆ ಈ ಕಾಗದ ಬರೀ ಕಾಗದ. ಗಾಂಜಾದಿಂದ ಏನೂ ಆಗಿಲ್ಲ ಅಂತ ಅವಳಿಗೆ ಹೇಳಿಬಿಡ್ಲಾ?

ಶಿಷ್ಯೆ: ಅಯ್ಯೋ, ಹಾಗೆ ಹೇಳಿಬಿಟ್ಟೀರಿ. ಅಮೆರಿಕದಲ್ಲಿ ಒಂದು ಅಧ್ಯಯನ ಆಯ್ತು, ಸಿಯಾಟಲ್, ಮಯಾಮಿ, ಕನೆಟಿಕಟ್‌ನ ಫಾರ್ಮಿಂಗ್ಟನ್ ಈ ಮೂರು ಊರಲ್ಲಿ, 1997ರಿಂದ 2000ದವರೆಗೆ. ಗಾಂಜಾ ಬಿಡಬೇಕು ಅಂತ ಚಿಕಿತ್ಸೆಗೆ ತಾವಾಗಿ ಬಂದವರ ಮೇಲೆ. ಹೆಚ್ಚುಕಡಿಮೆ ದಿನಾ ಸೇದೋರು 102 ಜನ. ಅದರಲ್ಲಿ ಅರ್ಧ ಜನ ಸರಾಸರಿ 24 ವರ್ಷ ಸೇದಿದವರು, ಅರ್ಧ ಜನ 10 ವರ್ಷ. ಹೋಲಿಸೋಕೆ ಸೇದದ 33 ಜನ. ಆಸ್ಟ್ರೇಲಿಯಾದ ನಾಡಿಯಾ ಸೊಲೊವಿ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ್ರು. 24 ವರ್ಷದವರು ನೆನಪು, ಗಮನ ಎರಡರಲ್ಲೂ ಹಿಂದೆ ಬಿದ್ದಿದ್ರು. ಇದೇ ಹದಿನೈದು ಪದದ ಪರೀಕ್ಷೆಯಲ್ಲೂ.

ಮೇಷ್ಟ್ರು: ತಡಿ. 24 ವರ್ಷ ಸೇದಿದವನು 10 ವರ್ಷ ಸೇದಿದವನಿಗಿಂತ ದೊಡ್ಡವನಾಗಿರ್ತಾನಲ್ಲ. ವಯಸ್ಸಾದ್ರೆ ನನಗೇ ಕನ್ನಡಕ ಎಲ್ಲಿಟ್ಟೆ ಅಂತ ಮರೆಯುತ್ತೆ.

ಶಿಷ್ಯೆ: ಅದನ್ನ ಲೆಕ್ಕ ಹಾಕಿ ತೆಗೆದಿದಾರೆ. ಆದ್ರೆ ಲೆಕ್ಕ ಹಾಕಿ ತೆಗೆಯೋಕಾಗದೆ ಉಳಿಯೋದು ಇದ್ದೇ ಇರುತ್ತೆ ಅಂತ ಅದೇ ಸಂಚಿಕೆಯ ಸಂಪಾದಕೀಯದಲ್ಲಿ ಹಾರ್ವರ್ಡ್‌ನ ಹ್ಯಾರಿಸನ್ ಪೋಪ್ ಬರೆದ್ರು. ಚಿಕಿತ್ಸೆ ಹುಡುಕಿ ಬರೋರೇ ಬೇರೆ ಥರದವರು ಸಾರ್. ನಮ್ಮ ದೇಶದ್ದೇ ತಗೊಳ್ಳಿ, ಕೇಂದ್ರ ಸರ್ಕಾರ 2019ರಲ್ಲಿ ಸಮೀಕ್ಷೆ ಪ್ರಕಟಿಸ್ತಲ್ಲ. ಭಂಗಿ, ಗಾಂಜಾ, ಚರಸ್ ಎಲ್ಲಾ ಸೇರಿ ವರ್ಷದಲ್ಲಿ ಒಮ್ಮೆಯಾದ್ರೂ ಬಳಸಿದವರು ಸುಮಾರು 3.1 ಕೋಟಿ. ಅದರಿಂದ ತೊಂದರೆಯಾಗಿ ಸಹಾಯ ಬೇಕಾದವರು ಸುಮಾರು 72 ಲಕ್ಷ. ನಮ್ಮ ಬಾಗಿಲಿಗೆ ಬರೋರು ಅದರಲ್ಲೂ ಒಂದು ಹಿಡಿ. ಕೆಲಸ ಹೋದವರು, ಮನೇಲಿ ಜಗಳ ಆದವರು, ನಿದ್ದೆ ಕೆಟ್ಟವರು, ಮೊದಲಿಂದ ಬೇಸರ ಹಿಡಿದವರು. ಈ ಒಂದೊಂದೂ ಪರೀಕ್ಷೆಯಲ್ಲಿ ಅಂಕ ತಿನ್ನುತ್ತೆ.

ಮೇಷ್ಟ್ರು: ಆಸ್ಪತ್ರೆ ವರಾಂಡದಲ್ಲಿ ಕೂತು ಊರಿನ ಆರೋಗ್ಯ ಅಳೆದ ಹಾಗೆ.

ಶಿಷ್ಯೆ: ಹೂಂ. ಇನ್ನೊಂದು ನೋಡಿ. ಆ ಅಧ್ಯಯನದವರನ್ನ ಪರೀಕ್ಷೆಗೆ ಕೂರಿಸಿದ್ದು ಕೊನೆಯ ಸಲ ಸೇದಿ ಸುಮಾರು 17 ಗಂಟೆಗೆ. ಪೋಪ್ ಅವರು 2001ರಲ್ಲಿ ಬೇರೆ ಥರ ಮಾಡಿದ್ರು. ವಿಪರೀತ ಸೇದೋರನ್ನ 28 ದಿನ ಬಿಡಿಸಿ, ದಿನಾ ಮೂತ್ರ ಪರೀಕ್ಷೆ ಮಾಡಿ, ಮೊದಲ ದಿನ, ಮಾರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಕೂರಿಸಿದ್ರು. ಏಳನೇ ದಿನದವರೆಗೂ ಪದ ನೆನಪಿಡೋದ್ರಲ್ಲಿ ಹಿಂದಿದ್ದವರು ಇಪ್ಪತ್ತೆಂಟಕ್ಕೆ ಹೆಚ್ಚುಕಡಿಮೆ ಹೋಲಿಸೋಕೆ ಇಟ್ಟವರ ಸಮಕ್ಕೆ ಬಂದ್ರು. ಈ ಕಾಗದದಲ್ಲಿ ತಾರೀಕು ಏನಿದೆ ನೋಡಿ. ಸೇರಿದ ನಾಲ್ಕನೇ ದಿನ. ನಿದ್ದೆ ಇಲ್ಲ, ಊಟ ಸೇರಲ್ಲ, ಯಾರು ಮಾತಾಡಿಸಿದ್ರೂ ಸಿಡುಕು, ಆ ಹೊತ್ತಲ್ಲಿ ಕೂರಿಸಿದಾರೆ. ಮಾತ್ರೆಯನ್ನೂ ಕೊಟ್ಟಿರಬಹುದು.

ಮೇಷ್ಟ್ರು: ಜ್ವರ ಬಂದವನಿಗೆ ಪರೀಕ್ಷೆ ಬರೆಸಿದ ಹಾಗಾಯ್ತು. ನಾನೂ ಒಮ್ಮೆ ಬರೆಸಿದ್ದೆ, ಆ ಪಾಪ ಇನ್ನೂ ಹೋಗಿಲ್ಲ. ಹೋಗಲಿ, ನೀನು ಓದಿನ ವಿಷಯಕ್ಕೆ ಬಾ. ಓದದವನಿಗೆ ಗಾಂಜಾ ಹೆಚ್ಚು ಹೊಡೆಯುತ್ತೋ, ಓದಿದವನಿಗೋ?

ಶಿಷ್ಯೆ: ಇದನ್ನ ಕೇಳ್ತೀರ ಅಂತ ಕಾದಿದ್ದೆ. ಈಜಿಪ್ಟಿನಲ್ಲಿ ಮುಸ್ತಫಾ ಸುವೈಫ್ ಅಂತ ಮನಶ್ಶಾಸ್ತ್ರಜ್ಞರಿದ್ರು, ಕಾದಂಬರಿಕಾರ್ತಿ ಅಹ್ದಾಫ್ ಸುವೈಫ್ ಅವರ ತಂದೆ. ಜೈಲಿನಲ್ಲಿದ್ದ 850 ಹಶೀಶ್ ಸೇದುಗರನ್ನೂ ಸೇದದ 839 ಜನರನ್ನೂ ಪರೀಕ್ಷೆ ಮಾಡಿದ್ರು. 1970ರ ದಶಕದಲ್ಲಿ ಬರೆದ ಲೇಖನಗಳು. ಓದುಬರಹ ಬಲ್ಲವರಲ್ಲಿ, ಪಟ್ಟಣದವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಸೇದೋರಿಗೂ ಸೇದದವರಿಗೂ ವ್ಯತ್ಯಾಸ ಎದ್ದು ಕಾಣ್ತಿತ್ತು. ಅಕ್ಷರ ಬಾರದ ಹಳ್ಳಿಯವರಲ್ಲಿ ವ್ಯತ್ಯಾಸ ತೀರಾ ಸಣ್ಣದು, ಕೆಲವು ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ.

ಮೇಷ್ಟ್ರು: ಆಹಾ! ಹಾಗಾದ್ರೆ ಓದದವನು ಎಷ್ಟು ಸೇದಿದ್ರೂ ನಡೆಯುತ್ತೆ ಅಂತಾಯ್ತು.

ಶಿಷ್ಯೆ: ತಕ್ಕಡಿ ಯಾವುದು ಅಂತ ಕೇಳಿ ಮೊದಲು. ಮೂಟೆ ತೂಗೋ ತಕ್ಕಡಿಯಲ್ಲಿ ಎರಡು ಮೂಗುಬೊಟ್ಟು ಇಟ್ಟು, ಎರಡರ ತೂಕವೂ ಒಂದೇ ಅಂದ ಹಾಗೆ. ಮೊದಲೇ ಅಂಕ ತಳ ಮುಟ್ಟಿದ್ರೆ ಇನ್ನೂ ಕೆಳಕ್ಕೆ ಇಳಿಯೋಕೆ ಜಾಗ ಎಲ್ಲಿ? ಸುವೈಫ್ ಅವರ ವಿವರಣೆ ಬೇರೆ: ಮೂಲ ಸಾಮರ್ಥ್ಯ ಎಷ್ಟು ಎತ್ತರದಲ್ಲಿದೆಯೋ ಹಶೀಶಿನಿಂದ ಬೀಳೋ ಪೆಟ್ಟೂ ಅಷ್ಟು ದೊಡ್ಡದು ಅಂತ. ನನಗೆ ಅನುಮಾನ ಹೆಚ್ಚು. ಆ ಹಳ್ಳಿಯವನ ಬುದ್ಧಿಯ ಎತ್ತರ ತೋರಿಸೋ ಅಳತೆಗೋಲನ್ನ ಯಾರೂ ಅವನ ಮುಂದೆ ಇಟ್ಟೇ ಇಲ್ಲ. ಅವನು ಏನು ಕಳ್ಕೊಂಡ ಅಂತ ನಮಗೆ ಕಾಣೋದು ಹೇಗೆ?

ಮೇಷ್ಟ್ರು: ಕಾಣೋಕೆ ಒಂದು ದಾರಿ ಇದೆ. ಮೊದಲು ಎಷ್ಟಿತ್ತು ಅಂತ ಬರೆದಿಟ್ಟಿರಬೇಕು. ಯಾರ ಜೊತೆಗೋ ಹೋಲಿಸೋದಲ್ಲ, ಅವನ ಜೊತೆಗೇ.

ಶಿಷ್ಯೆ: ನ್ಯೂಜಿಲೆಂಡಿನ ಡನೀಡಿನ್ ಅನ್ನೋ ಊರಲ್ಲಿ ಹಾಗೆ ಬರೆದಿಟ್ಟಿದಾರೆ. 1972–73ರಲ್ಲಿ ಹುಟ್ಟಿದ 1,037 ಮಕ್ಕಳು. ಗಾಂಜಾ ಮುಟ್ಟೋ ಮೊದಲೇ, ಚಿಕ್ಕವರಿದ್ದಾಗಲೇ ಐಕ್ಯೂ ಅಳೆದಿದ್ರು. 38ನೇ ವಯಸ್ಸಿಗೆ ಮತ್ತೆ ಅಳೆದ್ರು. ಹರೆಯದಲ್ಲೇ ಶುರುಮಾಡಿ ವರ್ಷಗಟ್ಟಲೆ ಬಿಡಲಾರದೆ ಉಳಿದವರಲ್ಲಿ ಎಂಟು ಅಂಕದಷ್ಟು ಇಳಿದಿತ್ತು. 2012ರಲ್ಲಿ ಅದು ಬಂದಾಗ ಎಲ್ಲಾ ಪತ್ರಿಕೆಗಳಲ್ಲೂ ಸುದ್ದಿ. ಮಾರನೇ ವರ್ಷ ನಾರ್ವೆಯ ಅರ್ಥಶಾಸ್ತ್ರಜ್ಞ ಓಲೆ ರೋಗೆಬೆರ್ಗ್ ಕೊಕ್ಕೆ ಹಾಕಿದ್ರು. ಬಡವರ ಮನೆ ಮಕ್ಕಳಿಗೆ ಶಾಲೆ ಇರೋವರೆಗೆ ಶಾಲೆ ಎತ್ತಿಹಿಡಿಯುತ್ತೆ, ಬಿಟ್ಟ ಮೇಲೆ ಗಾಂಜಾ ಇರಲಿ ಬಿಡಲಿ ಅಂಕ ಇಳಿಯಬಹುದು ಅಂತ. ಡನೀಡಿನ್‌ನವರು ಒಪ್ಪಲಿಲ್ಲ, ತಮ್ಮ ಲೆಕ್ಕ ಮತ್ತೆ ತೋರಿಸಿದ್ರು. 2016ರಲ್ಲಿ ಅಮೆರಿಕದ ಅವಳಿಗಳ ಅಧ್ಯಯನ ಬಂತು.

ಮೇಷ್ಟ್ರು: ಅವಳಿ ಅಂದ್ರೆ ಒಂದೇ ಮನೆ, ಒಂದೇ ಅಡುಗೆ, ಒಂದೇ ಶಾಲೆ.

ಶಿಷ್ಯೆ: ಒಬ್ಬ ಸೇದಿದವ, ಇನ್ನೊಬ್ಬ ಸೇದದವ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಥರ ಇಳಿದಿತ್ತು. ಕೆಲವು ವಿಷಯದಲ್ಲಿ ಸೇದೋರ ಅಂಕ ಶುರುಮಾಡೋ ಮೊದಲೇ ಕಮ್ಮಿ ಇತ್ತು. 2018ರಲ್ಲಿ ಬ್ರಿಟನ್ನಿನ ಅವಳಿಗಳ ಮೇಲೆ, ಡನೀಡಿನ್ ಲೇಖನ ಬರೆದ ಮೇಡ್‌ಲಿನ್ ಮೈಯರ್ ಅವರೇ ಮುಂದಾಗಿ ಮಾಡಿದ್ದರಲ್ಲೂ ಅದೇ ಬಂತು. ತಮ್ಮ ಹಳೆಯ ಮಾತನ್ನ ತಾವೇ ತೂಕಕ್ಕೆ ಹಾಕೋದು ಎಲ್ಲರ ಕೈಲೂ ಆಗಲ್ಲ ಸಾರ್. ಆದ್ರೆ ಅವಳಿಗಳನ್ನ ನೋಡಿದ್ದು ಹದಿನೆಂಟರ ಆಸುಪಾಸಿಗೆ. ಮೂವತ್ತೆಂಟರ ತನಕ ಎಡೆಬಿಡದೆ ಸೇದಿದವರ ಕಥೆ ಅದರಲ್ಲಿಲ್ಲ.

ಮೇಷ್ಟ್ರು: ಈಗ ನನ್ನದೊಂದು ಪ್ರಶ್ನೆ. ನೀವೆಲ್ಲ ಓದಿನ ವ್ಯತ್ಯಾಸ ಕಳೆದು ನೋಡ್ತೀರಿ. ಬಡತನದ್ದೂ ಕಳೀತೀರಿ. ಸರಿ. ಹುಡುಗ ಶಾಲೆ ಬಿಟ್ಟಿದ್ದೇ ಗಾಂಜಾದಿಂದ ಆಗಿದ್ರೆ? ಆಗ ಓದಿನ ಲೆಕ್ಕ ಕಳೆದಾಗ ಗಾಂಜಾ ಮಾಡಿದ ಹಾನಿಯನ್ನೇ ಕಳೆದುಬಿಟ್ರಲ್ಲ. ಕಳ್ಳ ತಗೊಂಡು ಹೋದದ್ದನ್ನ ಮನೆ ಖರ್ಚಿಗೆ ಬರೆದ ಹಾಗೆ.

ಶಿಷ್ಯೆ: ಇದಕ್ಕೆ ನನ್ನ ಹತ್ತಿರ ಚೊಕ್ಕ ಉತ್ತರ ಇಲ್ಲ. ನಮ್ಮ ತಿದ್ದುಪಡಿಯ ದೊಡ್ಡ ಅಪಾಯವೇ ಅದು. ಅಮೆರಿಕದಲ್ಲಿ ಇದು ಕೋರ್ಟಿನವರೆಗೂ ಹೋಯ್ತು, ಗಾಂಜಾ ವಿಷಯದಲ್ಲಲ್ಲ. ಅಲ್ಲಿಯ ಫುಟ್‌ಬಾಲ್ ಆಟಗಾರರಿಗೆ ತಲೆಗೆ ಪೆಟ್ಟು ಬಿದ್ದು ಬಿದ್ದು ಮರೆವು ಬರ್ತಿತ್ತು, ಅದಕ್ಕೆ ಲೀಗ್ ಪರಿಹಾರ ಕೊಡ್ತಿತ್ತು. ಎಷ್ಟು ಕಳ್ಕೊಂಡಿದಾರೆ ಅಂತ ಅಳೆಯುವಾಗ ಕಪ್ಪು ಜನರಿಗೆ ಒಂದು ಸಾಲು, ಬಿಳಿಯರಿಗೆ ಒಂದು ಸಾಲು. ಕಪ್ಪು ಆಟಗಾರನ ಅಂಕ ಮೊದಲೇ ಕಮ್ಮಿ ಇದ್ದಿರುತ್ತೆ ಅಂತ ಹಿಡಿದು ಲೆಕ್ಕ. ಇಬ್ಬರಿಗೂ ಒಂದೇ ಅಂಕ ಬಂದ್ರೆ ಬಿಳಿಯವನಿಗೆ ‘ಕೊರತೆ’, ದುಡ್ಡು. ಕಪ್ಪು ಮನುಷ್ಯನಿಗೆ ‘ನಿನ್ನಂಥವರಿಗೆ ಇದು ಸಹಜ’. 2020ರಲ್ಲಿ ಇಬ್ಬರು ಆಟಗಾರರು ದಾವೆ ಹೂಡಿದ್ರು, 2021ರಲ್ಲಿ ಲೀಗ್ ಆ ಪದ್ಧತಿ ಕೈಬಿಡ್ತೀವಿ ಅಂತು.

ಮೇಷ್ಟ್ರು: ನಿನ್ನಂಥವರಿಗೆ ಇದು ಸಹಜ. ಥೂ. ಈ ಮಾತನ್ನ ನಾವು ಸ್ಟಾಫ್ ರೂಮಲ್ಲಿ ಎಷ್ಟು ಸಲ ಆಡಿದೀವೋ.

ಶಿಷ್ಯೆ: ಬಣ್ಣ ಅನ್ನೋದು ಇನ್ನೊಂದರ ಅಡ್ಡಹೆಸರು ಸಾರ್. ಎಂಥ ಶಾಲೆ ಸಿಕ್ತು ಅನ್ನೋದರ ಅಡ್ಡಹೆಸರು. ನ್ಯೂಯಾರ್ಕಿನಲ್ಲಿ ಜೆನಿಫರ್ ಮ್ಯಾನ್ಲಿ ಅನ್ನೋರು ವಯಸ್ಸಾದವರಲ್ಲಿ ಇದನ್ನ ತೋರಿಸಿದ್ರು. ಎಷ್ಟು ವರ್ಷ ಓದಿದ್ರಿ ಅನ್ನೋದು ಬಿಟ್ಟು ಎಷ್ಟು ಚೆನ್ನಾಗಿ ಓದೋಕೆ ಬರುತ್ತೆ ಅಂತ ಅಳೆದು ಹೋಲಿಸಿದ್ರೆ ಕಪ್ಪು–ಬಿಳಿ ನಡುವಿನ ಅಂತರ ಬಹಳಷ್ಟು ಕರಗಿಹೋಗುತ್ತೆ.

ಮೇಷ್ಟ್ರು: ಅದಕ್ಕೆ ನ್ಯೂಯಾರ್ಕಿಗೆ ಹೋಗಬೇಕಾ? ಒಂಬತ್ತನೇ ಕ್ಲಾಸಲ್ಲಿ ಕೂತು ಒತ್ತಕ್ಷರ ಕೂಡಿಸೋಕೆ ಬಾರದವರು ಪ್ರತಿ ವರ್ಷ ಇರ್ತಿದ್ರು. ಹಾಜರಿ ಪುಸ್ತಕದಲ್ಲಿ ಅವರದ್ದೂ ಒಂಬತ್ತು ವರ್ಷವೇ. ಮನೇಲಿ ತೆಲುಗು, ಬೀದೀಲಿ ಉರ್ದು, ಶಾಲೇಲಿ ಕನ್ನಡ. ಅಂಥವನನ್ನ ಕನ್ನಡದಲ್ಲಿ ಹದಿನೈದು ಪದ ಒಪ್ಪಿಸು ಅಂದ್ರೆ! ಇಷ್ಟು ತೊಡಕಿದ್ರೆ ಈ ಪರೀಕ್ಷೆ ಮಾಡೋದಾದ್ರೂ ಯಾಕಮ್ಮ? ಬಿಡಿಸೋ ಕೆಲಸ ಮಾಡಿ ಸಾಕು.

ಶಿಷ್ಯೆ: ಬಿಡಿಸೋದು ಮಾತಿನಿಂದ ಸಾರ್. ಗಾಂಜಾ ಬಿಡಿಸೋಕೆ ಅಂತಲೇ ಒಪ್ಪಿಗೆ ಸಿಕ್ಕಿರೋ ಮಾತ್ರೆ ಇಲ್ಲ. ಯಾವ ಹೊತ್ತಲ್ಲಿ ಆಸೆ ಏಳುತ್ತೆ, ಆಗ ಏನು ಯೋಚನೆ ಬರುತ್ತೆ, ಅದನ್ನ ಹೇಗೆ ತಿರುಗಿಸಬೇಕು, ಬರೆದುಕೊಂಡು ಬಾ, ಮುಂದಿನ ವಾರ ಮಾತಾಡೋಣ ಅಂತೀವಿ. ಇದನ್ನ ಮಾಡೋಕೆ ನೆನಪು ಬೇಕು, ತನ್ನನ್ನ ತಾನೇ ದೂರ ನಿಂತು ನೋಡೋ ಶಕ್ತಿ ಬೇಕು. 2008ರಲ್ಲಿ ನ್ಯೂಯಾರ್ಕಿನ ಸಣ್ಣ ಅಧ್ಯಯನ ಒಂದರಲ್ಲಿ, ಇಪ್ಪತ್ತೇ ಜನ, ಅಂಥ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋದವರು ಅಮೂರ್ತವಾಗಿ ಯೋಚಿಸೋ ಪರೀಕ್ಷೆಯಲ್ಲಿ ಹಿಂದಿದ್ರು. ನಾವು ಅವರಿಗೆ ಹಾಕೋ ಹೆಸರೇನು ಗೊತ್ತಾ? ಮನಸ್ಸಿಲ್ಲದವನು.

ಮೇಷ್ಟ್ರು: ನಾವು ಹಾಕ್ತಿದ್ದದ್ದು ಸೋಮಾರಿ.

ಶಿಷ್ಯೆ: ಅದಕ್ಕೇ ಅಂಕ ಬೇಕು. ಗಾಂಜಾ ಎಷ್ಟು ತಿಂತು ಅಂತ ತೀರ್ಪು ಕೊಡೋಕಲ್ಲ, ನಾನು ಹೇಗೆ ಮಾತಾಡಬೇಕು ಅಂತ ತಿಳಿಯೋಕೆ. ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ವಿಷಯ, ಬರೆಯೋಕೆ ಕೊಡೋ ಬದಲು ಫೋನಲ್ಲಿ ಮಾತು ಮುದ್ರಿಸಿ ಕೊಡೋದು. ಇದಕ್ಕೆ ಹದಿನೆಂಟು ಸಾಲಿನ ಯಾವ ಸಾಲೂ ಬೇಡ, ಅವನಿಗೆ ಬಂದ ಅಂಕವೇ ಸಾಕು. ಏನು ಕಳ್ಕೊಂಡ ಅಂತ ಕೇಳಿದಾಗ ಮಾತ್ರ ಸಾಲು ಬೇಕು, ಮೊದಲು ಎಷ್ಟಿತ್ತು ಅನ್ನೋದು ಬೇಕು. ಅಂದಹಾಗೆ ನಿಮ್ಮ ಹತ್ತಿರ ಓದಿದಾನಲ್ಲ, ಹೇಗಿದ್ದ?

ಮೇಷ್ಟ್ರು: ಎಂಟನೇ ಕ್ಲಾಸು ಪೂರ್ತಿ, ಒಂಬತ್ತು ಅರ್ಧ. ಬರವಣಿಗೆ ಅಂದ್ರೆ ಕಾಗೆ ಕಾಲು ಗುಬ್ಬಿ ಕಾಲು. ಗಣಿತದಲ್ಲಿ ಹನ್ನೆರಡೋ ಹದಿನಾಲ್ಕೋ ಬರ್ತಿತ್ತು. ಆದ್ರೆ...

ಶಿಷ್ಯೆ: ಆದ್ರೆ?

ಮೇಷ್ಟ್ರು: ಹಾಲಿನ ಲೆಕ್ಕ ಎಲ್ಲಾ ಅವನದೇ. ನಲವತ್ತು ಮನೆ. ಯಾರದು ಅರ್ಧ ಲೀಟರ್, ಯಾರದು ಒಂದು, ಯಾರು ಮಂಗಳವಾರ ಬೇಡ ಅಂದ್ರು, ಯಾರು ಹಬ್ಬಕ್ಕೆ ಎರಡು ದಿನ ಜಾಸ್ತಿ ತಗೊಂಡ್ರು. ಒಂದು ಚೀಟಿ ಇಲ್ಲ. ತಿಂಗಳ ಕೊನೆಗೆ ಈ ಜಗಲಿಗೆ ಬಂದು ನಿಂತು ಹೇಳೋನು. ನಾನು ಕ್ಯಾಲೆಂಡರಿನಲ್ಲಿ ಗೀಚಿಟ್ಟ ಲೆಕ್ಕ ಎರಡು ಸಲ ತಪ್ಪಿತ್ತು, ಅವನದು ತಪ್ಪಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟ. ಸೊಪ್ಪು ಶುರುವಾದದ್ದು ಗ್ಯಾರೇಜಲ್ಲಿ, ಆಮೇಲೆ.

ಶಿಷ್ಯೆ: ಸಾರ್, ಇದನ್ನ ಮೊದಲೇ ಹೇಳಬಾರದಿತ್ತಾ! ಈಗ ಲೆಕ್ಕವೇ ತಿರುಗಿತು. ಓದು ಕಮ್ಮಿ, ಅದಕ್ಕೇ ಅಂಕ ಕಮ್ಮಿ ಅಂತ ನಾನು ಅವಳಿಗೆ ಸಮಾಧಾನ ಹೇಳೋಳಿದ್ದೆ. ನಲವತ್ತು ಮನೆ ತಲೇಲಿಟ್ಟಿದ್ದವನು ಹದಿನೈದು ಪದಕ್ಕೆ ಸೋತ ಅಂದ್ರೆ, ಅವನ ಸಾಲಿನವರಿಗೆ ಇದು ಸಹಜವೇ ಇರಬಹುದು, ಅವನಿಗೆ ಅಲ್ಲ. ಅಥವಾ ಹಾಲಿನ ಲೆಕ್ಕವೂ ನಿಮ್ಮಜ್ಜಿಯ ಸಂಬಂಧದ ಹಾಗೆ ಬೇರೆಯೇ ನೆನಪಿರಬಹುದು. ಈಗ ಯಾರು ಇಡ್ತಾರೆ ಲೆಕ್ಕ?

ಮೇಷ್ಟ್ರು: ಅವನ ತಂಗಿ, ಮೊಬೈಲಲ್ಲಿ. ಅಂಗಡಿಗೆ ಮೂರು ಸಾಮಾನಿಗೆ ಕಳಿಸಿದ್ರೆ ಒಂದು ತರ್ತಾನೆ ಅಂತ ಅವರಮ್ಮ ಅಂದಳು.

ಶಿಷ್ಯೆ: ಯಾವಾಗಿಂದ? ಸೇದೋವಾಗಿಂದಲೋ, ಬಿಟ್ಟ ಮೇಲೋ, ಮಾತ್ರೆ ಶುರುವಾದ ಮೇಲೋ? ಇದನ್ನ ಕೇಳಬೇಕು. ತಿಂಗಳು ಕಳೆದ ಮೇಲೆ ಮತ್ತೆ ಪರೀಕ್ಷೆಗೆ ಹೋಗಲಿ, ಬೇರೆ ಪದದ ಪಟ್ಟಿಯಲ್ಲಿ ಮಾಡಿ ಅಂತ ನಾನು ಚೀಟಿ ಬರೆದುಕೊಡ್ತೀನಿ. ಅದೇ ಪಟ್ಟಿ ಕೊಟ್ರೆ ಹಳೇ ಪದ ನೆನಪಾಗಿ ಅಂಕ ಏರಿಬಿಡುತ್ತೆ.

ಮೇಷ್ಟ್ರು: ಆ ಪದ ನನಗೂ ಒಂದ್ಸಲ ಹೇಳು, ನೋಡೋಣ ಎಷ್ಟು ಬರುತ್ತೆ.

ಶಿಷ್ಯೆ: ಪ್ರಶ್ನೆಪತ್ರಿಕೆ ಬಯಲಾಗುತ್ತೆ ಸಾರ್. ಅವನು ಇದೇ ಜಗಲಿಗೆ ಬಂದು ಹೋಗೋನು ತಾನೇ?

ಮೇಷ್ಟ್ರು: ಅದೂ ಸರಿ. ಆರು ಗಂಟೆಗೆ ಅವಳು ಹಾಲು ತರ್ತಾಳೆ. ಇರು, ನೀನೇ ಕೇಳಿಬಿಡು.

ಶಿಷ್ಯೆ: ಅವಳಿಗೆ ಫೋನ್ ಮಾಡಿ ಸಾರ್. ಇವತ್ತು ಹಾಲು ಅವನ ಕೈಲಿ ಕಳಿಸಲಿ. ಈ ತಿಂಗಳು ನಿಮ್ಮ ಮನೆಗೆ ಎಷ್ಟು ಲೀಟರ್ ಆಯ್ತು ಅಂತ ತಂಗಿ ಹತ್ತಿರ ತಿಳ್ಕೊಂಡು, ಮೊಬೈಲು ಮನೇಲಿಟ್ಟು ಬರಲಿ.